ನಿಮಗಿದು ಗೊತ್ತೆ? ಗಿರಗಾಂವದ ಆಪೆರಾ ಮನೆ ಮತ್ತು ತಗ್ಗುದನಿಯ ಗಾಯಕ

ಮುಂಬಯಿಯ ಗಿರಗಾಂವದಲ್ಲಿ, ಚರ್ನಿ ರೋಡ್ ನಿಲ್ದಾಣದ ಸಮೀಪದ ಬಡಾವಣೆಗೆ ‘ಆಪೆರಾ ಹೌಸ್’ ಎಂಬ ಹೆಸರು ಬಂದುದು, 1911ರಲ್ಲಿ ಕಟ್ಟಡ ಪೂರ್ಣಗೊಳ್ಳುವ ಮೊದಲೇ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದ ರಾಯಲ್ ಆಪೆರಾ ಹೌಸ್‌ನಿಂದ. ಮುಂದೆ ಚಿತ್ರಮಂದಿರವಾಗಿ, 1993ರಲ್ಲಿ ಮುಚ್ಚಿದ್ದ ಈ ರಂಗಮಂದಿರವು ಜೀರ್ಣೋದ್ಧಾರಗೊಂಡು 2016ರ ಅಕ್ಟೋಬರಿನಲ್ಲಿ ತೆರೆದಾಗ, ಮುಂಬಯಿಯಲ್ಲೇ ಹುಟ್ಟಿದ ಸೊಪ್ರಾನೊ, ಅಂದರೆ ಸ್ತ್ರೀಕಂಠದ ಅತ್ಯುಚ್ಚ ಶ್ರೇಣಿಯ ಗಾಯಕಿ, ಪೆಟ್ರೀಷಿಯಾ ರೊಜಾರಿಯೊ ಅಲ್ಲಿ ಹಾಡಿದುದು ಅತ್ಯಂತ ಉಚಿತವಾಗಿತ್ತು. ಮರುವರ್ಷ ಅಲ್ಲಿ ಪ್ರದರ್ಶನಗೊಂಡ, ಚಿಮರೋಸಾ 1792ರಲ್ಲಿ ರಚಿಸಿದ ‘ಇಲ್ ಮ್ಯಾಟ್ರಿಮೋನಿಯೊ ಸೆಗ್ರೆಟೊ’ (ಗುಟ್ಟಿನ ಮದುವೆ) ಎಂಬ ಹಾಸ್ಯ ಆಪೆರಾದಲ್ಲಿ, ಅಂದರೆ ಗೀತನಾಟಕದಲ್ಲಿ, ಕಿವಿ ಮಂದವಾದ ವರ್ತಕ ಜೆರೋನಿಮೊನ ಪಾತ್ರವನ್ನು ಬಾಸ್, ಅಂದರೆ ಪುರುಷಕಂಠಗಳಲ್ಲಿ ಅತಿ ತಗ್ಗಿನ ದನಿಗೆ ಬರೆಯಲಾಗಿದೆ. ಬಾಸ್‌ನ ಗಾಂಭೀರ್ಯವನ್ನೂ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಬ್ಯಾರಿಟೋನ್‌ನ ಏರುದನಿಯನ್ನೂ ಒಟ್ಟಿಗೆ ಬಲ್ಲ ಕಂಠವೇ ಬಾಸ್-ಬ್ಯಾರಿಟೋನ್. ಜರ್ಮನ್ ಸಂಗೀತಕಾರ ವ್ಯಾಗ್ನರನ ಆಪೆರಾಗಳಲ್ಲಿ ಬರುವ ವೋಟಾನ್ ದೇವತೆಯ ಪಾತ್ರ ಇಂಥ ಕಂಠವನ್ನೇ ಬೇಡುತ್ತದೆ. ಧ್ವನಿವರ್ಧಕವಿಲ್ಲದೆಯೂ ಈ ತಗ್ಗುದನಿ ಇಡೀ ವಾದ್ಯವೃಂದವನ್ನು ದಾಟಿ ಕೊನೆಯ ಸಾಲಿಗೆ ಕೇಳಿಸುವುದಕ್ಕೆ ಕಾರಣ ಬರಿಯ ಬಲವಲ್ಲ: ಗಂಟಲಿನ ನಾಳವನ್ನು ಪಳಗಿಸಿದ ಗಾಯಕನ ನಾದದಲ್ಲಿ ಸುಮಾರು 3000 ಹರ್ಟ್ಸ್ ಆಸುಪಾಸಿನ ಅನುರಣನ, ಅಂದರೆ ಮೂಲಸ್ವರದೊಡನೆ ಮೊಳಗುವ ಮೇಲಿನ ಕಂಪನಗಳು, ಪ್ರಬಲವಾಗುತ್ತವೆ; ಆ ಎತ್ತರದಲ್ಲಿ ವಾದ್ಯಗಳ ಶಕ್ತಿ ಕಡಿಮೆಯಿರುತ್ತದೆ.