ಮನೆಯ ಪ್ರಾರ್ಥನೆ ಮತ್ತು ವಿಶ್ವಾಸದ ಹಸ್ತಾಂತರ: ಮಂಗಳೂರು ಕಥೋಲಿಕರ ಕುಟುಂಬ ಪರಂಪರೆ

ಧರ್ಮವೊಂದು ತಲೆಮಾರಿನಿಂದ ತಲೆಮಾರಿಗೆ ಸಾಗುವ ಬಗೆಯನ್ನು ಚರ್ಚಿಸುವಾಗ ನಮ್ಮ ಗಮನ ಸಾಮಾನ್ಯವಾಗಿ ಗ್ರಂಥ, ಗುರು, ದೇವಾಲಯಗಳತ್ತ ಹರಿಯುತ್ತದೆ. ಕಥೋಲಿಕ ಧರ್ಮಸಭೆಯಾದರೋ ಈ ಹೊಣೆಯನ್ನು ಮೊದಲು ತಂದೆತಾಯಿಗಳಿಗೇ ವಹಿಸುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ 'ಲೂಮೆನ್ ಜೆನ್ಸಿಯುಮ್' (೧೯೬೪) ಕುಟುಂಬವನ್ನು ಗೃಹ ಧರ್ಮಸಭೆಯಾಗಿ ಕಂಡು, ಮಾತು ಹಾಗೂ ನಡತೆಗಳ ಮೂಲಕ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರಾಗುವಂತೆ ತಂದೆತಾಯಿಗಳಿಗೆ ಸೂಚಿಸುತ್ತದೆ. ಕೊಂಕಣಿಯನ್ನು ಮನೆಮಾತಾಗಿ ಉಳ್ಳ ಮಂಗಳೂರು ಕಥೋಲಿಕರಲ್ಲಿ ಈ ಬೋಧನೆ ಯಾವ ಆಚರಣೆಗಳ ಮೂಲಕ ನಡೆದುಬಂದಿದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಂಪರೆಯ ಕೇಂದ್ರದಲ್ಲಿರುವುದು ಸಂಜೆಯ ಜಪಸರ. ಕೊಂಕಣಿಯಲ್ಲಿ ಇದಕ್ಕೆ 'ತೆರ್ಸ್' ಎಂದು ಹೆಸರು. ಮೂರನೆಯ ಒಂದು ಭಾಗ ಎಂಬ ಅರ್ಥದ 'ತೆರ್ಸು' ಎಂಬ ಪೋರ್ಚುಗೀಸ್ ಪದದಿಂದ ಇದು ಬಂದಿದೆ. ಹದಿನೈದು ರಹಸ್ಯಗಳ ಪೂರ್ಣ ಜಪಸರದಲ್ಲಿ ಐದನ್ನು ಮಾತ್ರ ಒಂದು ದಿನ ಜಪಿಸುತ್ತಿದ್ದುದರಿಂದ ಈ ಹೆಸರು. ೨೦೦೨ರಲ್ಲಿ ಎರಡನೆಯ ಜಾನ್ ಪೌಲರು ಇನ್ನೂ ಐದು ರಹಸ್ಯಗಳನ್ನು ಸೇರಿಸಿದ ಮೇಲೂ ಹಳೆಯ ಹೆಸರೇ ಉಳಿದಿದೆ. ಜಪದ ಮೊದಲರ್ಧವನ್ನು ಒಬ್ಬರು ಹೇಳುತ್ತಾರೆ. ಉಳಿದರ್ಧವನ್ನು ಎಲ್ಲರೂ ಒಟ್ಟಾಗಿ ಹೇಳುತ್ತಾರೆ. ಮಗು ಮೊದಲು ಈ ಗುಂಪಿನ ದನಿಯಲ್ಲಿ ದನಿಗೂಡಿಸಿ, ಅರ್ಥ ತಿಳಿಯುವ ಮುನ್ನವೇ ಪಾಠವನ್ನು ಬಾಯಿಗೆ ತಂದುಕೊಳ್ಳುತ್ತದೆ. ಕೆಲವು ವರ್ಷಗಳ ತರುವಾಯ ಹತ್ತು ಜಪಗಳ ಒಂದು ಸರಣಿಯನ್ನು ತಾನೇ ಮುನ್ನಡೆಸುವ ಸರದಿ ಅದಕ್ಕೆ ದೊರೆಯುತ್ತದೆ. ಕೂಲಿಮಠದ ಬಾಯಿಪಾಠಕ್ರಮಕ್ಕೆ ಇದು ಹತ್ತಿರವಾದುದು. ಆದರೆ ಇಲ್ಲಿ ಹಿರಿಯರೂ ಮಗುವಿನ ದನಿಗೆ ಉತ್ತರ ಕೊಡುತ್ತಾರೆಂಬುದು ಗಮನಾರ್ಹ.

ತೆರ್ಸ್ ಮುಗಿದೊಡನೆ ಕಿರಿಯರು ಹಿರಿಯರಲ್ಲಿ 'ಬೆಸಾಂವ್' ಬೇಡುವುದು ರೂಢಿ. ಆಶೀರ್ವಾದ ಎಂದು ಇದರ ಅರ್ಥ. ಇದೂ ಪೋರ್ಚುಗೀಸ್ ಮೂಲದ ಪದವೇ. ದೇವರ ಪ್ರಾರ್ಥನೆಯೂ ಮನೆಯ ಹಿರಿತನದ ಗೌರವವೂ ಇಲ್ಲಿ ಒಂದೇ ಕ್ರಿಯೆಯ ಎರಡು ಮುಖಗಳಾಗುತ್ತವೆ.

ನಿತ್ಯದ ಈ ಕ್ರಮಕ್ಕೆ ಪೂರಕವಾದುದು ಸೆಪ್ಟೆಂಬರ್ ೮ರ ಮೊಂತಿ ಹಬ್ಬ, ಅಂದರೆ ಕನ್ಯಾಮರಿಯಮ್ಮನವರ ಜನ್ಮದಿನ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂಗಳನ್ನು ಒಯ್ದು ಬಾಲೆ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದಂದು ಧರ್ಮಗುರುಗಳು ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಅದರ ಕಾಳುಗಳನ್ನು ಸುಲಿದು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಮನೆಮಂದಿ ಹಂಚಿಕೊಳ್ಳುವುದಕ್ಕೆ 'ನೊವೆಂ' ಎಂದು ಹೆಸರು. ಅಂದಿನ ಊಟ ಸಸ್ಯಾಹಾರ. ದೂರದ ಊರಿನಲ್ಲಿರುವವರಿಗೆ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವ ವಾಡಿಕೆಯೂ ಉಂಟು. ತುಳುನಾಡಿನ ಹೊಸ ಅಕ್ಕಿ ಊಟದೊಂದಿಗೆ ಈ ಆಚರಣೆಗಿರುವ ಸಾಮ್ಯ ಸ್ಪಷ್ಟ. ನೆಲದ ಕೃಷಿಸಂಸ್ಕೃತಿಯೇ ಇಲ್ಲಿ ವಿಶ್ವಾಸದ ಪಾಠವಾಗಿದೆ.

ಮನೆಗೆ ಇಷ್ಟು ಮಹತ್ವ ಬಂದುದಕ್ಕೆ ಚಾರಿತ್ರಿಕ ಕಾರಣಗಳಿವೆ. ೧೭೮೪ರಲ್ಲಿ ಟಿಪ್ಪು ಸುಲ್ತಾನನು ಈ ಸಮುದಾಯವನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಕರಾವಳಿಯ ದೇವಾಲಯಗಳು ನಾಶವಾದವು. ೧೭೯೯ರ ಅನಂತರ ಮರಳಿ ಬಂದವರು ಧರ್ಮಕೇಂದ್ರಗಳನ್ನು ಮತ್ತೆ ಕಟ್ಟಿದರು. ನಡುವಿನ ಹದಿನೈದು ವರ್ಷ ಪ್ರಾರ್ಥನೆಯ ನೆನಪಿಗೆ ಕುಟುಂಬವೇ ಮುಖ್ಯ ಆಸರೆಯಾಗಿತ್ತೆಂದು ಊಹಿಸಬಹುದು. ಎರಡನೆಯದು ಭಾಷೆಯ ಕಾರಣ. ೧೯೬೦ರ ದಶಕದವರೆಗೆ ಬಲಿಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಮಗುವಿಗೆ ತನ್ನದೇ ನುಡಿಯಲ್ಲಿ ದೇವರೊಡನೆ ಮಾತನಾಡುವ ಅಭ್ಯಾಸ ನಿತ್ಯವೂ ದೊರೆಯುತ್ತಿದ್ದುದು ಮನೆಯಲ್ಲಿ. ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಪ್ರಾರ್ಥನಾ ಪುಸ್ತಕಗಳು ಮತ್ತು ೧೯೩೮ರಲ್ಲಿ ಆರಂಭವಾದ 'ರಾಕ್ಣೊ' ವಾರಪತ್ರಿಕೆ ಈ ಅಭ್ಯಾಸಕ್ಕೆ ಓದಿನ ಬೆಂಬಲ ನೀಡಿದವು.

ಇಂದು ನಗರಗಳಲ್ಲೂ ಹೊರದೇಶಗಳಲ್ಲೂ ನೆಲೆಸಿದ ಹಲವು ಕುಟುಂಬಗಳಲ್ಲಿ ಪ್ರಾರ್ಥನೆ ಇಂಗ್ಲಿಷಿಗೆ ಹೊರಳಿದೆ. ಸಿದ್ಧಾಂತದ ದೃಷ್ಟಿಯಿಂದ ಇದರಲ್ಲಿ ಕೊರತೆಯೇನೂ ಇಲ್ಲ. ಜಪದ ಅರ್ಥ ಎಲ್ಲ ಭಾಷೆಗಳಲ್ಲೂ ಒಂದೇ. ಆದರೆ ಕೊಂಕಣಿಯಲ್ಲಷ್ಟೇ ಪ್ರಾರ್ಥಿಸಬಲ್ಲ ಅಜ್ಜಿ ಆಗ ಬೋಧಕಿಯ ಸ್ಥಾನದಿಂದ ಕೇಳುಗಳ ಸ್ಥಾನಕ್ಕೆ ಸರಿಯುತ್ತಾಳೆ. 'ಬೆಸಾಂವ್' ಎಂಬ ಮಾತಿನೊಂದಿಗೆ ಅದನ್ನು ಬೇಡುವ ಕ್ರಿಯೆಯೂ ಮರೆಯಾಗುವ ಸಂಭವವಿದೆ. ಮನೆಮಾತಿನ ಅಳಿವು ಉಳಿವಿನ ಪ್ರಶ್ನೆಯನ್ನು ಶಾಲೆ ಮತ್ತು ಸಾಹಿತ್ಯಗಳ ನೆಲೆಯಲ್ಲಿ ಮಾತ್ರ ಪರಿಶೀಲಿಸುವ ನಮ್ಮ ಅಧ್ಯಯನಗಳು ಸಂಜೆಯ ಪ್ರಾರ್ಥನೆಯನ್ನೂ ಭಾಷಾಬಳಕೆಯ ಒಂದು ಪ್ರಮುಖ ಕ್ಷೇತ್ರವಾಗಿ ಪರಿಗಣಿಸುವುದು ಅಗತ್ಯ.