ಸೋಲಿನಲ್ಲಿ ಹೊಡೆದ ಗೋಲು

ಹುಬ್ಬಳ್ಳಿ-ಧಾರವಾಡಗಳ ನಡುವಿನ ನಮ್ಮ ನವನಗರದಲ್ಲಿ, ಸಂಜೆಯಾಯಿತೆಂದರೆ ಬಯಲು ಕಂಡಲ್ಲೆಲ್ಲ ಹುಡುಗರು ಚೆಂಡನ್ನು ಒದೆಯುತ್ತಿರುವದು ವಾಡಿಕೆಯ ನೋಟವಾಗಿದೆ. ಮೊನ್ನೆ ಚಿಗರಿ ಬಸ್ಸನ್ನಿಳಿದು ಮನೆಯ ಕಡೆಗೆ ಹೊರಟಿದ್ದ ನಾವು ಅಂಥ ಒಂದು ಆಟವನ್ನು ನೋಡುತ್ತ ನಿಂತೆವು. ಒಂದು ಪಕ್ಷದವರು ನಾಲ್ಕು ಗೋಲುಗಳಿಂದ ಹಿಂದೆ ಬಿದ್ದಿದ್ದರು. ಆ ಪಕ್ಷದ ಹುಡುಗನೊಬ್ಬನು ಇಂಗ್ಲೆಂಡಿನ ಹ್ಯಾರಿ ಕೇನನ ಹೆಸರುಳ್ಳ ಅಂಗಿಯನ್ನು ತೊಟ್ಟಿದ್ದನು. ಆಟವು ಮುಗಿಯುವದಕ್ಕೆ ಮುಂಚೆಯೇ ಅವನು ಬಯಲನ್ನು ಬಿಟ್ಟು ಹೊರಟನು. "ಯಾಕೋ ತಮ್ಮಾ, ನಡುವನ ಹೊಂಟಿ?" ಎಂದು ನಾವು ಕೇಳಲು, "ಸೋಲೂದು ಖರೇ ಆತಲ್ರಿ ಅಜ್ಜಾರ, ಇನ್ನ ಯಾಕ ಓಡಾಡೂದು?" ಎಂದುಬಿಟ್ಟನು.

ಅವನನ್ನು ಕಟ್ಟೆಯ ಮೇಲೆ ಕೂಡ್ರಿಸಿಕೊಂಡು, ನಮ್ಮ ನಾಡಿನವರೇ ಆದ ಒಬ್ಬ ಆಟಗಾರರ ಕಥೆಯನ್ನು ಹೇಳಿದೆವು. ವಾಚಕರಿಗೂ ಅದು ರುಚಿಸೀತೆಂದು ಇಲ್ಲಿ ಬರೆಯುತ್ತಿರುವೆವು.

ಅಹಮದ್ ಖಾನರು 1926ನೆಯ ಇಸವಿಯ ಡಿಸೆಂಬರದಲ್ಲಿ ಬೆಂಗಳೂರಲ್ಲಿ ಹುಟ್ಟಿದರು. ತಂದೆಯವರೂ ಚೆಂಡಾಟಗಾರರೇ, ಆದುದರಿಂದ ಈ ಆಟವು ಅವರಿಗೆ ಮನೆಯ ವಿದ್ಯೆಯಾಗಿ ಬಂದಿತು. ಆಗಿನ ಬೆಂಗಳೂರು ಕಾಲ್ಚೆಂಡಾಟಕ್ಕೆ ಹೆಸರಾದ ಊರು. ಅಲ್ಲಿಯ 'ಬೆಂಗಳೂರು ಮುಸ್ಲಿಮ್ಸ್' ಪಂಗಡವು 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತ್ತು. ಮೈಸೂರು ಸಂಸ್ಥಾನದ ಪಂಗಡವು 1946-47ರ ಸಂತೋಷ ಟ್ರೋಫಿಯನ್ನು ಬಂಗಾಲದವರಿಂದ ಕಸಿದುಕೊಂಡಿತ್ತು.

1948ರಲ್ಲಿ ಲಂಡನ್ನಿನ ಒಲಿಂಪಿಕ್ ಪಂದ್ಯಗಳಿಗೆ ಹೋದ ಭಾರತದ ಪಂಗಡದಲ್ಲಿ ಅಹಮದ್ ಖಾನರಿಗೆ ಸ್ಥಾನ ದೊರೆಯಿತು. ಜುಲೈ 31ರಂದು ಇಲ್‌ಫರ್ಡ್ ಎಂಬಲ್ಲಿ ಫ್ರಾನ್ಸಿನೊಡನೆ ಪಂದ್ಯವಾಯಿತು. ನಮ್ಮವರಲ್ಲಿ ಬಹುಜನರು ಬರಿಗಾಲಿನಿಂದಲೇ ಆಡಿದರು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸಿನವರು ಗೋಲು ಹೊಡೆದು 2-1ರಿಂದ ಗೆದ್ದರು. ನಮ್ಮ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ನರು. ಒಲಿಂಪಿಕ್ಸಿನಲ್ಲಿ ಭಾರತದ ಮೊದಲನೆಯ ಕಾಲ್ಚೆಂಡಿನ ಗೋಲು ಅದೇ.

ಮರುವರ್ಷ ಅಹಮದ್ ಖಾನರು ಕಲಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿ, ಹತ್ತು ವರ್ಷಗಳ ವರೆಗೆ ಅಲ್ಲಿಯೇ ಆಡಿದರು. ಆ ಕಾಲದ ಪದ್ಧತಿಯಂತೆ ಮುಂಪಂಕ್ತಿಯಲ್ಲಿ ಐವರು ಆಟಗಾರರು ನಿಲ್ಲುತ್ತಿದ್ದರು. ವೆಂಕಟೇಶ, ಅಪ್ಪಾರಾವ್, ಧನರಾಜ, ಅಹಮದ್ ಖಾನ್, ಸಾಲೆ—ಈ ಐವರೂ ದಕ್ಷಿಣ ದೇಶದವರು. ಬಂಗಾಲಿಗಳು ಇವರನ್ನು 'ಪಂಚ ಪಾಂಡವರು' ಎಂದು ಪ್ರೀತಿಯಿಂದ ಕರೆದರು. ಖಾನರು ಎಡಗಡೆಯ ಒಳಭಾಗದಲ್ಲಿ ನಿಂತು, ಚೆಂಡನ್ನು ಕಾಲಿಗೆ ಅಂಟಿಸಿಕೊಂಡವರಂತೆ ಎದುರಾಳಿಗಳ ನಡುವೆ ನುಸುಳುವರು; ತಾವೂ ಹೊಡೆಯುವರು, ಜೊತೆಗಾರರಿಂದಲೂ ಹೊಡೆಯಿಸುವರು. 1949ರಿಂದ 1951ರ ವರೆಗೆ ಮೂರು ವರ್ಷ ಒಂದೇ ಸಮನೆ ಈಸ್ಟ್ ಬೆಂಗಾಲಿನವರು ಐ. ಎಫ್. ಎ. ಶೀಲ್ಡನ್ನು ಗೆದ್ದರು. 1951ರಲ್ಲಿ ದಿಲ್ಲಿಯ ಮೊದಲನೆಯ ಏಶಿಯಾ ಕ್ರೀಡೆಗಳಲ್ಲಿ ಇರಾಣವನ್ನು ಸೋಲಿಸಿ ಬಂಗಾರದ ಪದಕವನ್ನು ಪಡೆದ ಪಂಗಡದಲ್ಲಿಯೂ ಖಾನರು ಇದ್ದರು.

ಇಷ್ಟು ಯಶಸ್ಸಿನ ಬೆನ್ನಿಗೇ ಹೆಲ್ಸಿಂಕಿಯ ಒಲಿಂಪಿಕ್ಸು ಬಂದಿತು. 1952ರ ಜುಲೈ 15ರಂದು ಎದುರಿಗೆ ನಿಂತವರು ಯುಗೋಸ್ಲಾವಿಯದವರು. ಹಿಂದಿನ ಒಲಿಂಪಿಕ್ಸಿನಲ್ಲಿ ಬೆಳ್ಳಿಯ ಪದಕವನ್ನು ಪಡೆದವರು, ಆ ಸಲವೂ ಪಡೆದವರು. ಅಲ್ಲಿಯ ಚಳಿಯಲ್ಲಿ ನಮ್ಮವರ ಬರಿಗಾಲಿನ ಆಟವು ನಡೆಯದಾಯಿತು. ಒಂದರ ಮೇಲೊಂದರಂತೆ ಹತ್ತು ಗೋಲುಗಳಾದವು. ಇನ್ನು ಉಳಿದದ್ದು ಮೂರೇ ನಿಮಿಷ. ಗೆಲ್ಲುವ ಮಾತಂತೂ ಇರಲೇ ಇಲ್ಲ. ಅಂಥ ಹೊತ್ತಿನಲ್ಲಿ, 89ನೆಯ ನಿಮಿಷಕ್ಕೆ, ಅಹಮದ್ ಖಾನರು ಗೋಲು ಹೊಡೆದರು. ಪಂದ್ಯವು 10-1ಕ್ಕೆ ಮುಗಿಯಿತು.

ಅದೇ ವರ್ಷದ ಮೇ ತಿಂಗಳಲ್ಲಿ ಇಂಗ್ಲೆಂಡಿನ ನ್ಯಾಟ್ ಲಾಫ್ಟ್‌ಹೌಸ್ ಎಂಬ ಮುಂಪಂಕ್ತಿಯ ಆಟಗಾರನು, ಆಸ್ಟ್ರಿಯದ ಗೋಲು ಕಾಯುವವನಿಗೆ ಡಿಕ್ಕಿ ಹೊಡೆದು ಮೂರ್ಛೆ ಹೋಗುತ್ತಲೇ ಗೆಲುವಿನ ಗೋಲನ್ನು ಹೊಡೆದಿದ್ದನು. ಯುದ್ಧಕಾಲದಲ್ಲಿ ಕಲ್ಲಿದ್ದಲ ಗಣಿಯಲ್ಲಿ ದುಡಿದ ಈ ಬೋಲ್ಟನ್ನಿನ ವೀರನಿಗೆ 'ವಿಯೆನ್ನಾದ ಸಿಂಹ'ವೆಂಬ ಬಿರುದು ಬಂದಿತು. ಊರಿನ ಕ್ರೀಡಾಂಗಣದೆದುರು ಪ್ರತಿಮೆಯೂ ನಿಂತಿತು. ಅವನು ಅದಕ್ಕೆ ಯೋಗ್ಯನೇ ಸರಿ. ಆದರೆ ಗೆದ್ದವರ ಗೋಲಿಗೆ ಬಿರುದು ಬರುವದು. ಸೋತವರ ಗೋಲು ಅಂಕಿಯಾಗಿ ಮಾತ್ರ ಉಳಿಯುವದು. ಲಂಡನ್ನಿನಲ್ಲಿಯೂ ಹೆಲ್ಸಿಂಕಿಯಲ್ಲಿಯೂ ಭಾರತಕ್ಕೆ ದೊರೆತವು ಒಂದೊಂದೇ ಗೋಲು. ಆ ಎರಡನ್ನೂ ಹೊಡೆದವರು ಬೆಂಗಳೂರಿನವರೆಂಬುದು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತಿರುವದು?

ಆ ಸೋಲು ನಿಷ್ಫಲವಾಗಲಿಲ್ಲ. ತರುವಾಯ ನಮ್ಮ ಆಟಗಾರರಿಗೆ ಬೂಟುಗಳು ಕಡ್ಡಾಯವಾದವು. 1956ರ ಮೆಲ್ಬೋರ್ನಿನಲ್ಲಿ ಭಾರತವು ನಾಲ್ಕನೆಯ ಸ್ಥಾನಕ್ಕೇರಿತು. ಅಹಮದ್ ಖಾನರು ತಮ್ಮ 90ನೆಯ ವಯಸ್ಸಿನಲ್ಲಿ, 2017ರ ಆಗಸ್ಟದಲ್ಲಿ, ಬೆಂಗಳೂರಲ್ಲಿಯೇ ತೀರಿಕೊಂಡರು.

ಕಥೆಯನ್ನು ಕೇಳಿದ ಹುಡುಗನು, "ಹತ್ತು ಗೋಲು ಆದ ಮ್ಯಾಲೂ ಓಡಿದ್ರೇನ್ರಿ ಅಜ್ಜಾರ?" ಎಂದನು. "ಓಡಿದರಪ್ಪಾ. ಓಡಿದ್ದಕ್ಕನ ಗೋಲು ಬಂತು" ಎಂದೆವು. ಅವನು ಏನೂ ಅನ್ನದೆ ಎದ್ದು ಮತ್ತೆ ಬಯಲಿಗಿಳಿದನು. ಅವನ ಪಕ್ಷವು ಸೋತದ್ದೇನೋ ನಿಜ. ಆದರೆ ಕತ್ತಲಾಗುವ ವರೆಗೂ ಅವನು ಚೆಂಡಿನ ಬೆನ್ನು ಬಿಡಲಿಲ್ಲ.

ಮಕ್ಕಳು ಆಟದಿಂದ ಮನೆಗೆ ಬಂದೊಡನೆ, "ಗೆದ್ದಿಯೋ, ಸೋತಿಯೋ?" ಎಂದೇ ನಾವು ಹಿರಿಯರು ಕೇಳುವೆವು. "ಕಡೀತನಕ ಆಡಿದಿಯೇನು?" ಎಂದು ಕೇಳುವ ರೂಢಿಯೂ ನಮ್ಮ ಮನೆಗಳಲ್ಲಿ ಬರಲಿ.