ವಾಲ್ವ್ ದೇವರು ವರ ಕೊಟ್ಟರೂ ಸಾಕೆಟ್ ಪೂಜಾರಿ ಕೊಡ!

ಸಿದ್ದಾಪುರ: ಅಶೋಕ ಚಕ್ರವರ್ತಿ ಬಂಡೆಯ ಮೇಲೆ ಬರೆಸಿದ ಮಾತು ಈ ಊರಿನ ಮಗ್ಗುಲಲ್ಲೇ ಎರಡು ಸಾವಿರದ ಇನ್ನೂರು ವರ್ಷ ಮೀರಿ ನಿಂತಿದೆ. ಬಿ.ಎಲ್. ರೈಸ್ ಸಾಹೇಬರು 1892ರಲ್ಲಿ ಬಂದು ಕಣ್ಣಿಟ್ಟು ನೋಡುವ ತನಕ ಅದು ಯಾರ ಹಂಗೂ ಇಲ್ಲದೆ ನಿಂತಿತ್ತು. ಆದರೆ ಮೈಕಿನಲ್ಲಿ ಆಡಿದ ಮಾತು? ಅದು ನಿಲ್ಲಬೇಕಾದರೆ ಒಂದು ಚಿಲ್ಲರೆ ಸಾಮಾನು ಗಟ್ಟಿಯಾಗಿರಬೇಕು. ಅದರ ಹೆಸರು ವಾಲ್ವ್ ಸಾಕೆಟ್. ಹಳಬರ ಬಾಯಲ್ಲಿ ವಾಲ್ವ್ ಬೇಸ್.

ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಜಾತ್ರೆ, ಬಯಲಾಟ ಕಂಡ ಹಿರಿಯರಿಗೆ ಈ ದೃಶ್ಯ ಹೊಸದಲ್ಲ. ನಡುರಾತ್ರಿ. ಅರ್ಜುನ ಬಿಲ್ಲು ಎತ್ತಿದ್ದಾನೆ. ಅಷ್ಟರಲ್ಲಿ ಹಾರನ್ನಿನಿಂದ ಗೊರ್‌ರ್... ಆಮೇಲೆ ಸದ್ದೇ ಇಲ್ಲ. "ಏಯ್ ಮೈಕಿನವ್ನೇ, ಏನಾತೋ?" ಅಂತ ಜನ ಕೂಗುತ್ತಾರೆ. "ಒಂದ್ನಿಮಿಷ ತಡ್ಕಳ್ರಣ್ಣಾ" ಅಂದವನು ಪೆಟ್ಟಿಗೆಯ ತಲೆಗೆ ಫಟಾರನೆ ಒಂದು ಏಟು ಬಿಡುತ್ತಾನೆ. ಅರ್ಜುನನಿಗೆ ದನಿ ಬರುತ್ತದೆ!

ಜನ ವಾಲ್ವನ್ನು ಬೈದರು. ಬಹಳ ಸಲ ತಪ್ಪು ವಾಲ್ವಿನದಲ್ಲ. ಅದರ ಕಾಲು ಹಿಡಿದು ನಿಲ್ಲಿಸಬೇಕಾದ ಸಾಕೆಟ್ಟಿನ ಹಿಡಿ ಸಡಿಲವಾಗಿತ್ತು. ಏಟಿಗೆ ಕಾಲು ಮತ್ತೆ ತಾಗಿತು, ಅಷ್ಟೇ.

ಹೋದ ವಾಲ್ವ್ ಗಿಟಾರಿಗೆ ಬಂತು

ಬೆಂಗಳೂರಿನ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆ ರೇಡಿಯೋ ವಾಲ್ವ್ ಮಾಡಲು ಶುರು ಮಾಡಿದ್ದು 1961ರಲ್ಲಿ. ಮಾರನೇ ವರ್ಷವೇ ಅಲ್ಲಿ ಟ್ರಾನ್ಸಿಸ್ಟರ್ ಕುಟುಂಬದ ಸಾಮಾನೂ ತಯಾರಾಗತೊಡಗಿತು. ಮುಂದೆ ಆದದ್ದು ಎಲ್ಲರಿಗೂ ಗೊತ್ತು. ರೇಡಿಯೋದಿಂದ, ಮೈಕ್ ಸೆಟ್ಟಿನಿಂದ ವಾಲ್ವ್ ಗಂಟುಮೂಟೆ ಕಟ್ಟಿತು.

ಗಿಟಾರಿನವರು ಮಾತ್ರ ಬಿಡಲಿಲ್ಲ. ಲಂಡನ್ನಿನಲ್ಲಿ ವಾದ್ಯದ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ಅಮೆರಿಕದ ಫೆಂಡರ್ ಬಾಸ್‌ಮನ್ ಮಾದರಿ ನೋಡಿಕೊಂಡು ತನ್ನ ಆಂಪ್ಲಿಫೈಯರ್ ಮಾರಾಟಕ್ಕಿಟ್ಟ. ಅಂಗಡಿಯವನೊಬ್ಬ ಗಿರಾಕಿಯ ಮಾತಿಗೆ ಕಿವಿಗೊಟ್ಟರೆ ಏನಾದೀತು ಎಂಬುದಕ್ಕೆ ಇದೇ ಸಾಕ್ಷಿ. ಜೋರು ಕೊಟ್ಟಾಗ ವಾಲ್ವ್ ಸದ್ದನ್ನು ಒರಟಾಗಿ ಕತ್ತರಿಸದೆ ಹದವಾಗಿ ಒಡೆಯುತ್ತದೆ. ಗಿಟಾರಿನವರಿಗೆ ಬೇಕಾದ್ದು ಆ ಒಡಕು ದನಿಯೇ. ಅದಕ್ಕೇ ಇವತ್ತಿಗೂ ರಷ್ಯಾ, ಸ್ಲೊವಾಕಿಯಾ, ಚೀನಾದಲ್ಲಿ ವಾಲ್ವ್ ತಯಾರಾಗುತ್ತಿದೆ. ಕೈಯಾರೆ ಆಂಪ್ಲಿಫೈಯರ್ ಕಟ್ಟುವ ಹುಡುಗರೂ ಇದ್ದಾರೆ.

ಎಡವುವುದು ಇಲ್ಲೇ. ದುಬಾರಿ ವಾಲ್ವಿಗೂ ಟ್ರಾನ್ಸ್‌ಫಾರ್ಮರಿಗೂ ಕೈಬಿಚ್ಚಿ ಖರ್ಚು ಮಾಡಿದವನು ಸಾಕೆಟ್ಟಿನ ಸರದಿ ಬಂದಾಗ "ಯಾವುದಾದ್ರೂ ಆಗ್ತೈತೆ ಬಿಡು" ಅನ್ನುತ್ತಾನೆ. ಜರತಾರಿ ಸೀರೆಗೆ ದುಡ್ಡು ಕೊಟ್ಟು, ಅದನ್ನು ಮುಳ್ಳುಬೇಲಿಯ ಮೇಲೆ ಒಣಹಾಕಿದಂತೆ!

ಯಾವ ಕಾಲಿಗೆ ಯಾವ ಮೆಟ್ಟು?

ಮೊದಲು ಕಾಲು ಎಣಿಸಬೇಕು. ಗಿಟಾರಿನ ಸಣ್ಣ ದನಿಯನ್ನು ಮೊದಲು ಎತ್ತುವ ಇಸಿಸಿ83 ವಾಲ್ವಿಗೆ ಒಂಬತ್ತು ಕಾಲು. ಸಣ್ಣ ಆಂಪ್ಲಿಫೈಯರಿನ ಇಎಲ್84ಕ್ಕೂ ಒಂಬತ್ತು. ದೊಡ್ಡ ಸದ್ದಿನ ಇಎಲ್34, 6ಎಲ್6ಗಳಿಗೆ ಎಂಟು ಕಾಲಿನ ಆಕ್ಟಲ್ ಸಾಕೆಟ್. ಒಂಬತ್ತು ಕಾಲಿನವೆಲ್ಲ ಒಂದೇ ಎಂದು ಅದಲು ಬದಲು ಮಾಡುವಂತಿಲ್ಲ. ಒಳಗಿನ ಸಂಬಂಧವೇ ಬೇರೆ.

ತಗಡಿಗೆ ಬಿಗಿಯುವ ಸಾಕೆಟ್ ಬೇರೆ, ಸರ್ಕ್ಯೂಟ್ ಹಲಗೆಗೆ ಬೆಸೆಯುವುದು ಬೇರೆ. ತಗಡಿಗೆ ತೂತು ಕೊರೆಯುವ ಮುಂಚೆ ಸಾಕೆಟ್ ಕೈಯಲ್ಲಿರಲಿ. ಒಂಬತ್ತು ಕಾಲಿನದೇ ಒಂದು ಕಂಪನಿಯದು 19 ಮಿಲಿಮೀಟರ್ ಕೇಳಿದರೆ ಇನ್ನೊಂದು 22 ಕೇಳುತ್ತದೆ. ದೊಡ್ಡ ತೂತನ್ನು ಚಿಕ್ಕದು ಮಾಡುವ ಬಡಗಿ ಇನ್ನೂ ಹುಟ್ಟಿಲ್ಲ.

ಮೈಯಲ್ಲಿ ಮೂರು ಜಾತಿ. ಕಂದು ಅಥವಾ ಕಪ್ಪು ಬೇಕಲೈಟ್ ಅಗ್ಗ. ಸಣ್ಣ ವಾಲ್ವಿಗೆ ಬಾಧಕವಿಲ್ಲ. ಆದರೆ ಹೆಚ್ಚು ವೋಲ್ಟೇಜಿನ ಕಡೆ ಒಮ್ಮೆ ಕಿಡಿ ಹಾರಿತೆಂದರೆ ಅದರ ಮೈ ಸುಟ್ಟು ಇದ್ದಿಲಿನ ಗೆರೆ ಬೀಳುತ್ತದೆ. ಇದ್ದಿಲಿನಲ್ಲಿ ಕರೆಂಟು ಹರಿಯುತ್ತದೆ. ಒರೆಸಿ ಉಪಯೋಗವಿಲ್ಲ, ಕಿತ್ತು ಬಿಸಾಡಬೇಕು. ಇಎಲ್34ರಲ್ಲಿ ನೂರಾರು ವೋಲ್ಟಿನ ಮೂರನೇ ಕಾಲು, ಹೀಟರಿನ ಎರಡನೇ ಕಾಲಿನ ಮಗ್ಗುಲಲ್ಲೇ ಇದೆ. ಕಿಡಿ ಹಾರುವ ಜಾಗ ಅದೇ. ಅಲ್ಲಿಗೆ ಪಿಂಗಾಣಿಯದು ಅಥವಾ ಅಭ್ರಕ ಬೆರೆಸಿ ಮಾಡಿದ ಮೈಕಾಲೆಕ್ಸ್ ವಾಸಿ. ಪಿಂಗಾಣಿಗೆ ಶಾಖದ ಭಯವಿಲ್ಲ. ಸ್ಕ್ರೂ ಅತಿಯಾಗಿ ಬಿಗಿದರೆ ಬಿರುಕು ಬಿಡುತ್ತದೆ.

ಮೈ ನೋಡಬೇಡಿ, ಹಿಡಿ ನೋಡಿ!

ಪಿಂಗಾಣಿ ಎಂದಾಕ್ಷಣ ಶ್ರೇಷ್ಠವಲ್ಲ. ಚಿನ್ನದ ನೀರು ಕುಡಿದು ಥಳಥಳಿಸುವ ಸಾಕೆಟ್ಟಿನ ಹಿಡಿಯೂ ಸಡಿಲವಿರಬಹುದು. ಒಳಗಿನ ತಗಡು ಸ್ಪ್ರಿಂಗಿನಂತೆ ಕಾಲನ್ನು ಕಚ್ಚಿ ಹಿಡಿಯಬೇಕು. ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಸತ್ತ ವಾಲ್ವ್ ಇರಲಿ. ಹಾಕಿ, ತೆಗೆದು ನೋಡಿ. ಬೆಣ್ಣೆಗೆ ಚಾಕು ಇಳಿದಂತೆ ಇಳಿದರೆ ಬೇಡ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವವರು ಇಷ್ಟು ಮಾಡಬಹುದು. ಅಂಚೆ, ಕೊರಿಯರ್‌ನಲ್ಲಿ ತರಿಸುವವರು ತಂತಿ ಬೆಸೆಯುವ ಮುಂಚೆಯಾದರೂ ಪರೀಕ್ಷೆ ಮಾಡಲಿ.

ಸಡಿಲವಿದ್ದರೆ ಗೊರಗೊರ ತಾನೇ ಎಂದು ಉದಾಸೀನ ಬೇಡ. ಇಎಲ್34ರ ಐದನೇ ಕಾಲು ಗ್ರಿಡ್. ವಾಲ್ವಿಗೆ ಲಗಾಮು ಹಾಕುವ ವೋಲ್ಟೇಜ್ ಬರುವುದು ಅಲ್ಲಿಂದ. ಆ ಒಂದು ಕಾಲು ಬಿಟ್ಟುಹೋದರೆ ವಾಲ್ವ್ ಲಗಾಮಿಲ್ಲದ ಕುದುರೆ. ಒಳಗಿನ ತಟ್ಟೆ ಕೆಂಪಗೆ ಕಾದು ವಾಲ್ವ್ ಹೋದೀತು, ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸುಟ್ಟೀತು. ಪುಡಿಗಾಸು ಉಳಿಸಿದ್ದಕ್ಕೆ ಸಾವಿರಾರು ರೂಪಾಯಿ ದಂಡ!

ಸ್ಪೀಕರೂ ಆಂಪ್ಲಿಫೈಯರೂ ಒಂದೇ ಪೆಟ್ಟಿಗೆಯಲ್ಲಿ ಇದ್ದು, ವಾಲ್ವ್ ತಲೆಕೆಳಗಾಗಿ ನೇತಾಡುವುದಾದರೆ, ಹಿಡಿಯ ಜೊತೆಗೆ ಮೇಲಿಂದ ಸ್ಪ್ರಿಂಗ್ ಕ್ಲಿಪ್ಪೂ ಬೇಕು. ಸದ್ದಿನ ಅದುರಾಟಕ್ಕೆ ವಾಲ್ವ್ ಜಾರುತ್ತದೆ.

ಬೆಸೆಯುವವರಿಗೆ ಎರಡು ಮಾತು. ಕಾಲಿನ ಲೆಕ್ಕ ಸಾಕೆಟ್ಟಿನ ತಳದಿಂದ ನೋಡಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ. ಮೇಲಿಂದ ಎಣಿಸಿದವನ ಲೆಕ್ಕ ಕನ್ನಡಿಯೊಳಗಿನ ಗಂಟು. ಬೆಸೆಯುವಾಗ ಸತ್ತ ವಾಲ್ವನ್ನೇ ಸಾಕೆಟ್ಟಿನಲ್ಲಿ ಕೂರಿಸಿರಿ. ಹಿಡಿಗಳು ಸೊಟ್ಟಗೆ ನಿಂತರೆ ಆಮೇಲೆ ಹೊಸ ವಾಲ್ವಿನ ಗಾಜೇ ಸೀಳೀತು.

ಸ್ವಿಚ್ ಆರಿಸಿದರೂ ಸಾವು ಆರದು

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಈ ಪೆಟ್ಟಿಗೆಯೊಳಗೆ 300ರಿಂದ 450 ವೋಲ್ಟ್ ಇರುತ್ತದೆ. ಮನೆಯ ಕರೆಂಟಿಗಿಂತ ಹೆಚ್ಚು. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕಾಯುತ್ತವೆ. ಸಡಿಲ ಹಿಡಿ ಬಿಗಿಮಾಡಲು ಸೂಜಿ ಹಿಡಿದು ಕೈಹಾಕುವ ಮುನ್ನ ರೆಸಿಸ್ಟರ್ ಹಚ್ಚಿ ಆ ಕರೆಂಟನ್ನು ಬರಿದು ಮಾಡಬೇಕು. ಮೀಟರ್ ಇಟ್ಟು ಸೊನ್ನೆ ಎಂದು ಕಣ್ಣಾರೆ ಕಾಣಬೇಕು. ಗೊತ್ತಿಲ್ಲದವರು ಗೊತ್ತಿದ್ದವರ ಪಕ್ಕ ಕೂತು ಕಲಿಯಲಿ. ಹಾಡು ಆಮೇಲೂ ಆದೀತು, ಜೀವ ಆಗದು.

ಅಶೋಕನ ಮಾತನ್ನು ಇಲ್ಲಿನ ಬಂಡೆಗೆ ಇಳಿಸಿದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರೂ ಬರೆದುಕೊಂಡ. ಮೈಕ್ ಸೆಟ್ಟಿನವನ ಹೆಸರು ಯಾವ ಬಂಡೆಯ ಮೇಲೂ ಇಲ್ಲ. ಬೆಳಗಿನ ತನಕ ಅರ್ಜುನನ ದನಿ ನಿಲ್ಲದಂತೆ ನೋಡಿಕೊಂಡರೆ ಅದೇ ಅವನ ಶಾಸನ. ಅದಕ್ಕೆ ಬೇಕಾದದ್ದು ಪೆಟ್ಟಿಗೆಯ ತಲೆಗೆ ಏಟಲ್ಲ, ಬುಡದಲ್ಲಿ ಗಟ್ಟಿ ಹಿಡಿ!